ಬಲ್ಲವರ ಕಣ್ಣು

ಹೊಟ್ಟೆಕಿಚ್ಚಿನಿಂದ ವಿದ್ಯುತ್ ತೆಗೆಯುವ ಯಂತ್ರವೊಂದನ್ನು ಯಾರಾದರೂ ಕಂಡುಹಿಡಿದಿದ್ದರೆ, ತುಮಕೂರಿನ ಚಿಕ್ಕಪೇಟೆಯ ಬೀದಿದೀಪಗಳನ್ನೆಲ್ಲ ವಿಮಲಾಕ್ಷಿ ಒಬ್ಬಳೇ ಉರಿಸಬಹುದಿತ್ತು. ಅಂಥ ಯಂತ್ರವನ್ನು ಯಾರೂ ಕಂಡುಹಿಡಿಯಲಿಲ್ಲ. ಆದರೆ ಹೊಟ್ಟೆಕಿಚ್ಚನ್ನು ಅಳೆಯುವ ಯಂತ್ರವೊಂದನ್ನು ಮಾತ್ರ, ತಾವು ಮಾಡುತ್ತಿರುವುದು ಅದನ್ನೇ ಎಂದು ಸರಿಯಾಗಿ ತಿಳಿಯದೆಯೇ, ವಸಂತನರಸಾಪುರದ ಕೆಲವು ವಿಜ್ಞಾನಿಗಳು ಮಾಡಿಬಿಟ್ಟಿದ್ದರು.

ವಿಮಲಾಕ್ಷಿಯದು ಸೀರೆಗೆ ಕುಚ್ಚು ಹಾಕುವ ಅಂಗಡಿ. ನೇಯ್ದವರು ಸೆರಗಿನ ತುದಿಯಲ್ಲಿ ಹಾಗೇ ಬಿಟ್ಟ ಎಳೆಗಳನ್ನು ಕೂಡಿಸಿ, ರೇಷ್ಮೆ ದಾರ ಸೇರಿಸಿ, ನಡುನಡುವೆ ಮಣಿ ಪೋಣಿಸಿ, ಸಾಲಾಗಿ ಗೊಂಡೆ ಕಟ್ಟುವ ಕೆಲಸ. ಆ ಹೊತ್ತಿಗಾಗಲೇ ಕುಚ್ಚು ಹಾಕುವ ಯಂತ್ರಗಳು ಬಂದಿದ್ದವು. ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಒಂದು ಸೀರೆ ಮುಗಿಸಿ ಕೊಡುತ್ತಿದ್ದವು. ಆದರೆ ಮದುವೆ ಸೀರೆಯನ್ನು ಯಂತ್ರಕ್ಕೆ ಕೊಡುವ ಧೈರ್ಯ ಯಾವ ಹೆಣ್ಣಿನ ತಾಯಿಗೂ ಇರಲಿಲ್ಲ. ಬೀಗರ ಕಡೆಯ ಹೆಂಗಸರು ಸೆರಗು ಹಿಡಿದು ತಿರುಗಿಸಿ ನೋಡಿದರೆ ಏನು ಹೇಳುವುದು ಎಂಬ ಭಯ. ಹಾಗಾಗಿ ವಿಮಲಾಕ್ಷಿಯಂಥವರ ಕೈಗೆ ಕೆಲಸವಿತ್ತು.

ಆದರೆ ಒಳ್ಳೆಯ ಕೈ ಯಾರದು ಎಂದು ಜನ ಈಗ ಅಕ್ಕಪಕ್ಕದವರನ್ನು ಕೇಳುತ್ತಿರಲಿಲ್ಲ. ಎಲ್ಲರ ಮೂಗಿನ ಮೇಲೂ ಕನ್ನಡಕವಿತ್ತು, ಕನ್ನಡಕದಲ್ಲಿ 'ಸುಳಿವು' ಇತ್ತು. ಹತ್ತಿರದಲ್ಲಿ ಚೆನ್ನಾಗಿ ಕುಚ್ಚು ಹಾಕುವವರು ಯಾರು ಎಂದು ಬಾಯಿ ಬಿಟ್ಟು ಕೇಳಿದರೆ ಸಾಕು, ಕಣ್ಣೆದುರಿಗೆ ಹೆಸರುಗಳು ಮೂಡುತ್ತಿದ್ದವು. ಮೊದಲು ಮೂಡಿದ ಅಂಗಡಿಗೆ ಜನ ಹೋಗುತ್ತಿದ್ದರು. ಎರಡನೆಯದರತ್ತ ಕಣ್ಣು ಹಾಯಿಸುವವರು ಕಡಿಮೆ. ಮೂರನೆಯದಕ್ಕೆ ದೇವರೇ ಗತಿ.

ಎಷ್ಟೋ ವರ್ಷ ಆ ಮೊದಲ ಹೆಸರು ವಿಮಲಾಕ್ಷಿ ಕುಚ್ಚು ಸೆಂಟರ್ ಎಂದೇ ಇತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅದು ಎರಡನೆಯದಾಯಿತು. ಅದರ ಮೇಲೆ ಬಂದು ಕೂತ ಹೆಸರು, ಕ್ಯಾತ್ಸಂದ್ರದ ಸುಧಾಮಣಿಯದು.

ಬೇರೆ ಯಾರಾಗಿದ್ದರೂ ವಿಮಲಾಕ್ಷಿ ತಡೆದುಕೊಳ್ಳುತ್ತಿದ್ದಳೇನೋ. ಸುಧಾಮಣಿ ಅವಳ ಓರಗಿತ್ತಿ, ಗಂಡ ರುದ್ರೇಶನ ತಮ್ಮನ ಹೆಂಡತಿ. ಮದುವೆಯಾಗಿ ಬಂದ ಹೊಸತರಲ್ಲಿ ಇದೇ ನಡುಮನೆಯಲ್ಲಿ, ಇದೇ ಚಾಪೆಯ ಮೇಲೆ, ವಿಮಲಾಕ್ಷಿಯ ಪಕ್ಕದಲ್ಲಿ ಕೂತು ಕುಚ್ಚು ಕಟ್ಟುತ್ತಿದ್ದವಳು. ಅವಳು ಕಟ್ಟಿದ್ದನ್ನು ವಿಮಲಾಕ್ಷಿ ಬೆಳಕಿಗೆ ಹಿಡಿದು ನೋಡಿ, ಬಿಚ್ಚಿ ಮತ್ತೆ ಕಟ್ಟು ಎನ್ನುತ್ತಿದ್ದಳು. ಸುಧಾಮಣಿ ಎದುರು ಮಾತಾಡದೆ ಬಿಚ್ಚಿ ಕಟ್ಟುತ್ತಿದ್ದಳು. ಅಣ್ಣ ತಮ್ಮ ಬೇರೆಯಾದಾಗ ಕ್ಯಾತ್ಸಂದ್ರಕ್ಕೆ ಹೋಗಿ ಮನೆಯ ಮುಂದಿನ ಕೋಣೆಯಲ್ಲಿ ತನ್ನದೇ ಬೋರ್ಡು ಹಾಕಿಕೊಂಡಳು. ಅಂಥವಳು ಈಗ ತನ್ನ ತಲೆಯ ಮೇಲೆ ಹತ್ತಿ ಕೂತಿದ್ದಾಳೆ ಎಂದರೆ ವಿಮಲಾಕ್ಷಿಗೆ ಅನ್ನ ಹೇಗೆ ಇಳಿಯಬೇಕು?

ಈ ಕಸುಬಿನವರದೊಂದು ಅಭ್ಯಾಸವಿದೆ. ಬೇರೆಯವರು ಹಾಕಿದ ಕುಚ್ಚಿನ ಚಿತ್ರ ಕಂಡರೆ ಸುಮ್ಮನೆ ನೋಡಿ ಮುಂದೆ ಹೋಗುವುದಿಲ್ಲ. ಚಿತ್ರವನ್ನು ಹಿಗ್ಗಿಸುತ್ತಾರೆ. ಇನ್ನೂ ಹಿಗ್ಗಿಸುತ್ತಾರೆ. ಎಳೆ ಎಷ್ಟು, ಗಂಟು ಎಲ್ಲಿ, ಮಣಿ ಯಾವ ಎಳೆಯಲ್ಲಿ ಕೂತಿದೆ ಎಂದು ಎಣಿಸುತ್ತಾರೆ. ಎಣಿಕೆ ಸಿಕ್ಕಿತೆಂದರೆ ಮಾರನೆಯ ದಿನ ಅದೇ ಕುಚ್ಚು ತಮ್ಮ ಅಂಗಡಿಯಲ್ಲೂ ಇರುತ್ತದೆ. ಇದನ್ನು ಯಾರೂ ಕಳ್ಳತನ ಎಂದುಕೊಂಡಿರಲಿಲ್ಲ, ಕಲಿಯುವ ದಾರಿಯೇ ಅದಾಗಿತ್ತು. ಸುಧಾಮಣಿ ಕುಚ್ಚಿನ ಚಿತ್ರ ಹಾಕುತ್ತಿದ್ದ ಜಾಲದ ಪುಟವನ್ನು ವಿಮಲಾಕ್ಷಿ, ಅವಳ ಹೆಸರು ಮೇಲೆ ಹತ್ತುವುದಕ್ಕೆ ಎಷ್ಟೋ ಮೊದಲಿನಿಂದ, ಎರಡು ವರ್ಷದಿಂದ ಹೀಗೇ ನೋಡುತ್ತಿದ್ದಳು. ಬೆಳಿಗ್ಗೆ ಹಾಲು ಕಾಯುವಷ್ಟರಲ್ಲಿ ಒಮ್ಮೆ, ಗಿರಾಕಿ ಎದ್ದು ಹೋದ ಮೇಲೆ ಒಮ್ಮೆ, ಊಟಕ್ಕೆ ಕೂತಾಗ ಸಾರು ಆರುವವರೆಗೆ ಒಮ್ಮೆ. ತಪ್ಪು ಹುಡುಕಲೆಂದು ನೋಡುತ್ತಿದ್ದಳು. ಸಿಗದಿದ್ದಾಗ ಎದೆಯೊಳಗೆ ಬೆಂಕಿ ಬಿದ್ದಂತಾಗುತ್ತಿತ್ತು, ಮತ್ತೆ ನೋಡುತ್ತಿದ್ದಳು.

"ಊಟ ಮಾಡ್ವಾಗಾದ್ರೂ ಕನ್ನಡಕ ತೆಗಿ," ಎಂದು ರುದ್ರೇಶ ಒಂದೆರಡು ಸಲ ಹೇಳಿದ. ನಿಮ್ಮ ತಮ್ಮನ ಹೆಂಡತಿ ನನ್ನ ಬಾಯಿಗೆ ಮಣ್ಣು ಹಾಕ್ತಿದಾಳೆ, ನಿಮಗೆ ಸಾರಿನ ಚಿಂತೆ ಎಂದು ಅವಳು ಉರಿದುಬಿದ್ದ ಮೇಲೆ ಹೇಳುವುದನ್ನು ಬಿಟ್ಟ.

ಮೊದಲ ಸ್ಥಾನಕ್ಕಾಗಿ ಅವಳು ಮಾಡದ ಕೆಲಸವಿಲ್ಲ. ಅಶೋಕ ರಸ್ತೆಯಲ್ಲಿ ಜಾಲತಾಣ ಮಾಡಿಕೊಡುವ ನಾಗಭೂಷಣ ಎಂಬಾತನನ್ನು ಹಿಡಿದಳು. ಆತ ಪುಟದ ತುಂಬ 'ತುಮಕೂರಿನ ಅತ್ಯುತ್ತಮ ಕುಚ್ಚು' ಎಂದು ಗಿರಾಕಿಗಳ ಕಣ್ಣಿಗೆ ಕಾಣದ ಬಣ್ಣದಲ್ಲಿ ಬರೆದ. ಬೇಬಿ ಕುಚ್ಚು, ಕ್ರೋಶ ಕುಚ್ಚು, ಮುತ್ತಿನ ಕುಚ್ಚು ಎಂದು ಒಂದೊಂದಕ್ಕೂ ಒಂದೊಂದು ಪುಟ ಮಾಡಿದ. ತವರಿನವರಿಂದ, ಬೀದಿಯವರಿಂದ ನಕ್ಷತ್ರ ಹಾಕಿಸಿದ್ದೂ ಆಯಿತು. ಹಳೆಯ ಕಾಲದಲ್ಲಾಗಿದ್ದರೆ ಇದಕ್ಕೆಲ್ಲ ಸುಳಿವು ಬಗ್ಗುತ್ತಿತ್ತು. ಈಗ ಹೆಸರು ಎರಡನೆಯದಾಗಿ ಕೂತದ್ದು ಅಲ್ಲಾಡಲಿಲ್ಲ. "ಏನೋ ಬದಲಾಯಿಸಿದ್ದಾರೆ ಅಕ್ಕ. ಏನು ಅಂತ ನಮಗ್ಯಾರಿಗೂ ಗೊತ್ತಿಲ್ಲ," ಎಂದು ನಾಗಭೂಷಣ ಕೈ ಚೆಲ್ಲಿದ.

ಈ ನಡುವೆ ಪೇಟೆಯ ದೊಡ್ಡ ಜವಳಿ ಅಂಗಡಿಯವರು ಒಂದು ಸುದ್ದಿ ಬಿಟ್ಟರು. ಬರುವ ಮದುವೆ ಕಾಲದ ಸೀರೆಗಳಿಗೆಲ್ಲ ಒಂದೇ ಕಡೆ ಕುಚ್ಚು ಹಾಕಿಸುತ್ತಾರಂತೆ. ಯಾರಿಗೆ ಕೊಡಬೇಕೆಂದು ತಲೆ ಕೆಡಿಸಿಕೊಳ್ಳುವುದಿಲ್ಲವಂತೆ. ಯುಗಾದಿಗೆ ಮೊದಲಿನ ಸೋಮವಾರ ಬೆಳಿಗ್ಗೆ ಸುಳಿವಿನಲ್ಲಿ ಮೊದಲು ಯಾರ ಹೆಸರು ಬರುತ್ತದೋ ಅವರಿಗೇ. ಆ ಕೆಲಸ ಸಿಕ್ಕವರು ವರ್ಷವಿಡೀ ಊರಿನ ಕುಚ್ಚಿನವರಿಗೆಲ್ಲ ದೊಡ್ಡಕ್ಕ. ಸಿಗದವರು ಹರಿದ ಫಾಲ್ಸ್ ಹೊಲಿದುಕೊಂಡು ಕೂರಬೇಕು. ವಿಮಲಾಕ್ಷಿಯ ಹತ್ತಿರ ಕುಚ್ಚು ಕಟ್ಟಲು ಬರುತ್ತಿದ್ದ ಹೆಂಗಸರು ಆಗಲೇ ಕ್ಯಾತ್ಸಂದ್ರದ ಬಸ್ಸಿನ ಬಗ್ಗೆ ವಿಚಾರಿಸತೊಡಗಿದ್ದರು.

ಅದೇ ವಾರ ನೆಂಟರ ಮನೆಯಲ್ಲಿ ಒಂದು ನಾಮಕರಣ. ಸುಧಾಮಣಿ ಬಂದಿದ್ದಳು, ಬದನೆಕಾಯಿ ಬಣ್ಣದ ಸೀರೆ. ಮಗುವನ್ನು ತೊಟ್ಟಿಲಿಗೆ ಹಾಕುವುದು ಬಿಟ್ಟು ಹೆಂಗಸರೆಲ್ಲ ಅವಳ ಸೆರಗು ಹಿಡಿದು ನಿಂತರು. ವಿಮಲಾಕ್ಷಿ ದೂರದಿಂದಲೇ ಕಂಡಳು. ಗೊಂಡೆಗಳ ಬಣ್ಣ ಅಂಚಿನ ಹಸಿರಿನಿಂದ ಹೊರಟು, ಎಲ್ಲಿ ಬದಲಾಯಿತೆಂದೇ ತಿಳಿಯದಂತೆ, ಬದನೆ ಬಣ್ಣಕ್ಕೆ ಇಳಿದಿತ್ತು. ತಾನು ಇಷ್ಟು ವರ್ಷ ಮಾಡಿದ್ದರಲ್ಲಿ ಅಂಥದ್ದು ಒಂದೂ ಇಲ್ಲ ಎಂಬುದು ಅವಳಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾದದ್ದಕ್ಕೇ ಸಿಟ್ಟು ಬಂತು. ಹತ್ತಿರ ಹೋಗಿ, ಬಣ್ಣ ಸ್ವಲ್ಪ ಹೆಚ್ಚಾಯಿತು ಎಂದಳು. ಹೌದಾ ಅಕ್ಕ ಎಂದು ಸುಧಾಮಣಿ ಸೆರಗು ನೋಡಿಕೊಂಡಳು. ಅಷ್ಟಕ್ಕೇ ಬಿಡದೆ ವಿಮಲಾಕ್ಷಿ ಊಟದ ಪಂಕ್ತಿಯಲ್ಲೂ ಇನ್ನಿಬ್ಬರ ಹತ್ತಿರ ಅದನ್ನೇ ಹೇಳಿದಳು.

ಹೆಸರು ಯಾಕೆ ಕೆಳಗಿಳಿಯಿತೆಂದು ಕೇಳುವ ಹಕ್ಕು ಪ್ರತಿ ಅಂಗಡಿಯವರಿಗೂ ಇತ್ತು. ಹಾಗೊಂದು ಕಾನೂನು ಬಂದಿತ್ತು. ವಿಮಲಾಕ್ಷಿ ಚಾಲಕನಿಲ್ಲದ ಆಟೋ ಹತ್ತಿ ವಸಂತನರಸಾಪುರದ ಸುಳಿವು ಕೇಂದ್ರಕ್ಕೆ ಹೋದಳು. ನಿಯಂತ್ರಣ ಕೊಠಡಿ ಎಂದರೆ ಏನೋ ಅಬ್ಬರ ಇರುತ್ತದೆಂದುಕೊಂಡಿದ್ದಳು. ತಣ್ಣಗಿನ ಒಂದು ಹಜಾರ, ಗೋಡೆಯಗಲ ತುಮಕೂರಿನ ನಕ್ಷೆ, ಅದರ ಮೇಲೆ ಅಂಗಡಿಗೊಂದರಂತೆ ಬೆಳಕಿನ ಚುಕ್ಕಿ. ಮಾತಾಡಿಸಲು ಬಂದ ವಿಜ್ಞಾನಿಯ ಹೆಸರು ನಿರುಪಮಾ. ಒಳ್ಳೆಯ ರೇಷ್ಮೆ ಸೀರೆಯನ್ನೇ ಉಟ್ಟಿದ್ದಳು, ಸೆರಗಿಗೆ ಕುಚ್ಚು ಹಾಕಿಸಿರಲಿಲ್ಲ. ಎಳೆಗಳು ಬಿಚ್ಚಿಕೊಂಡು ಜೋಲುತ್ತಿದ್ದವು. ಇಂಥವಳ ಕೈಯಲ್ಲಿ ನನ್ನ ಹಣೆಬರಹ ಎಂದು ವಿಮಲಾಕ್ಷಿಗೆ ಅನ್ನಿಸಿತು.

ನಿರುಪಮಾ ತಾಳ್ಮೆಯಿಂದ ವಿವರಿಸಿದಳು. ಮೊದಲು ಸುಳಿವು ಪುಟದಲ್ಲಿ ಏನು ಬರೆದಿದೆ, ಜನ ಎಷ್ಟು ನಕ್ಷತ್ರ ಕೊಟ್ಟಿದ್ದಾರೆ ಎಂದು ನೋಡುತ್ತಿತ್ತು. ಆಮೇಲೆ ಪುಟ ಬರೆಯುವವೂ ಯಂತ್ರಗಳಾದವು, ನಕ್ಷತ್ರ ಕೊಡುವವೂ ಯಂತ್ರಗಳಾದವು. ಊರಲ್ಲಿ ಇಲ್ಲದ ಹೋಟೆಲ್ಲುಗಳು ಮೊದಲ ಸ್ಥಾನಕ್ಕೆ ಬಂದವು. ಸುಳ್ಳು ಹೇಳಲಾಗದ ಸಾಕ್ಷಿ ಬೇಕಾಗಿತ್ತು. ಹುಡುಕಿ ಹುಡುಕಿ ಕಡೆಗೆ ಸಿಕ್ಕಿದ್ದು, ಅದೇ ಕಸುಬು ಬಲ್ಲವರ ಕಣ್ಣು. ದೋಸೆ ಹುಯ್ಯುವವನು ಇನ್ನೊಬ್ಬನ ಕಾವಲಿಯ ಮುಂದೆ ಕಾರಣವಿಲ್ಲದೆ ನಿಲ್ಲುವುದಿಲ್ಲ. ಬಡಗಿ ಇನ್ನೊಬ್ಬರು ಮಾಡಿದ ಬಾಗಿಲನ್ನು ತಡವಿ ನೋಡಿದನೆಂದರೆ ಅದರಲ್ಲಿ ಏನೋ ಇದೆ. ಕನ್ನಡಕಕ್ಕೆ ಪಾಪೆ ಅಗಲವಾಗುವುದು ಗೊತ್ತಾಗುತ್ತದೆ, ಕಿವಿಯ ಹಿಂದಿನ ನಾಡಿ ಗೊತ್ತಾಗುತ್ತದೆ, ಚಿತ್ರವನ್ನು ಎಷ್ಟು ಹಿಗ್ಗಿಸಿದರು, ಎಷ್ಟು ಸಲ ಮರಳಿ ಬಂದರು ಎಂಬುದೂ. ಬೇಕೆಂದು ನಟಿಸಿದರೆ ನಾಡಿ ಏಳುವುದಿಲ್ಲ. ಈ ಬದಲಾವಣೆಗೆ ಅವರು ಒಳಗೊಳಗೇ 'ಒರೆ' ಎಂದು ಹೆಸರಿಟ್ಟಿದ್ದರು.

"ಹಾಗಾದ್ರೆ ಅವಳನ್ನ ಮೇಲೆ ಹತ್ತಿಸಿದೋರು ಯಾರು?" ವಿಮಲಾಕ್ಷಿ ಕೇಳಿದಳು.

ಹೆಸರು ಹೇಳುವಂತಿಲ್ಲ ಎಂದಳು ನಿರುಪಮಾ. ಗೋಡೆಯ ಮೇಲೆ ಕ್ಯಾತ್ಸಂದ್ರದ ಚುಕ್ಕಿಯನ್ನು ದೊಡ್ಡದು ಮಾಡಿದಳು. ಅದಕ್ಕೆ ಊರಿನ ಅಲ್ಲಿಲ್ಲಿಂದ ಕೂದಲಿನಷ್ಟು ತೆಳುವಾದ ಗೆರೆಗಳು ಬಂದು ಸೇರಿದ್ದವು. ಒಂದು ಗೆರೆ ಮಾತ್ರ ಹಗ್ಗದಷ್ಟು ದಪ್ಪಗಿತ್ತು. ಅದು ಎಲ್ಲಿಂದ ಹೊರಟಿದೆ ಎಂದು ಕಾಣದಂತೆ ಮಂಜು ಮುಚ್ಚಿದ್ದರು, ಆದರೂ ಅದು ಚಿಕ್ಕಪೇಟೆಯ ದಿಕ್ಕಿನದೇ.

"ಇದೊಂದೇ ಸಾಕು ಅಮ್ಮ. ಎರಡು ವರ್ಷದಿಂದ ಒಬ್ರು, ದಿನಕ್ಕೆ ಎಷ್ಟೋ ಸಲ. ಇಷ್ಟು ಬಲ್ಲವರು ಇಷ್ಟು ಆಸೆಯಿಂದ ನೋಡಿದ್ದನ್ನ ನಾವು ಬೇರೆ ಯಾವ ಕಸುಬಲ್ಲೂ ಕಂಡಿಲ್ಲ."

ಆ ಒಬ್ಬರು ಯಾರೆಂದು ವಿಮಲಾಕ್ಷಿಗೆ ಹೊಳೆಯಿತು. ತನ್ನ ಕೈಯಾರೆ, ಅಲ್ಲ ತನ್ನ ಕಣ್ಣಾರೆ, ಆ ಹೆಂಗಸನ್ನು ಎತ್ತಿ ತಲೆಯ ಮೇಲೆ ಕೂರಿಸಿಕೊಂಡಿದ್ದಾಳೆ. ನೋಡುವುದನ್ನು ಬಿಟ್ಟರೆ ಏನಾಗುತ್ತದೆ ಎಂದು ಕೇಳಿದಳು. ಗೆರೆ ದಿನದಿನಕ್ಕೆ ತೆಳುವಾಗುತ್ತದೆ, ಅವರು ಕೆಳಗಿಳಿಯುತ್ತಾರೆ, ಎರಡನೆಯವರು ಮೊದಲಾಗುತ್ತಾರೆ. ಆದರೆ ಬಿಟ್ಟವರು ತಡೆಯಲಾರದೆ ಮತ್ತೆ ಬಂದು ನೋಡಿದರೆ ಆ ಒಂದು ನೋಟದ ತೂಕ ಹಿಂದಿನದೆಲ್ಲಕ್ಕಿಂತ ಹೆಚ್ಚು ಎಂದಳು ನಿರುಪಮಾ.

ಏಳುವ ಮೊದಲು ವಿಮಲಾಕ್ಷಿ ಇನ್ನೊಂದು ಮಾತು ಕೇಳಿದಳು. "ನನ್ನ ಪುಟಾನ ಯಾರ್ಯಾರು ನೋಡ್ತಾರೆ?"

ನಿರುಪಮಾ ಚಿಕ್ಕಪೇಟೆಯ ಚುಕ್ಕಿಯನ್ನು ದೊಡ್ಡದು ಮಾಡಿದಳು. ಹಳೆಯ ಗಿರಾಕಿಗಳ ಬೆಳಕು ಸಾಕಷ್ಟಿತ್ತು, ಎರಡನೆಯ ಸ್ಥಾನ ಉಳಿದದ್ದು ಅದರಿಂದಲೇ. ಬಲ್ಲವರ ಗೆರೆ ಒಂದೂ ಇರಲಿಲ್ಲ. ಕ್ಯಾತ್ಸಂದ್ರದಿಂದ ಇತ್ತ ಕಡೆಗೆ ಒಂದು ಕೂದಲೆಳೆಯೂ ಬಂದಿರಲಿಲ್ಲ.

ಆಟೋದಲ್ಲಿ ಮರಳುವಾಗ ಅವಳಿಗೆ ಅಳು ಬಂದದ್ದು ಇದಕ್ಕೇ. ತಾನು ಎರಡು ವರ್ಷ ಅವಳಿಗಾಗಿ ಉರಿದಿದ್ದಾಳೆ. ಅವಳು ತನ್ನ ಕಡೆ ಒಂದು ಸಲ ತಿರುಗಿಯೂ ನೋಡಿಲ್ಲ.

ಅಂದಿನಿಂದ ಶುರುವಾಯಿತು ಕಣ್ಣಿನ ಉಪವಾಸ. ಕನ್ನಡಕ ತೆಗೆದು ಅಕ್ಕಿ ಡಬ್ಬದೊಳಗೆ ಹೂತಿಟ್ಟಳು. ದಾರಿ ಕೇಳಲು, ಫೋನಿಗೆ, ಬೆಲೆ ವಿಚಾರಿಸಲು ಎಲ್ಲಕ್ಕೂ ರುದ್ರೇಶನನ್ನೇ ಕೂಗುತ್ತಿದ್ದಳು. ಏನಾಯಿತೆಂದು ಅವನು ಕೇಳಿದರೆ ಕಣ್ಣು ನೋವು ಎಂದಳು. ಕೈ ತಾನಾಗಿ ಡಬ್ಬದ ಮುಚ್ಚಳದ ಮೇಲೆ ಹೋಗುತ್ತಿತ್ತು. ಹೊಸದು ಏನು ಹಾಕಿರಬಹುದು, ಯಾವ ಬಣ್ಣ ಕೂಡಿಸಿರಬಹುದು ಎಂಬ ಯೋಚನೆಯಲ್ಲಿ ತಾನು ಕಟ್ಟುತ್ತಿದ್ದ ಕುಚ್ಚು ಸೊಟ್ಟಗಾಗುತ್ತಿತ್ತು. ಬೀಡಿ ಬಿಟ್ಟವರು ಹೇಗಿರುತ್ತಾರೋ ಹಾಗೆ, ಯಾರು ಮಾತಾಡಿಸಿದರೂ ರೇಗುತ್ತಿದ್ದಳು. ಆದರೆ ಫಲ ಸಿಕ್ಕಿತು. ನಾಗಭೂಷಣ ಬಂದು, ಅಂತರ ಕಡಿಮೆಯಾಗುತ್ತಿದೆ ಎಂದ. ಸೋಮವಾರಕ್ಕೆ ಎರಡು ದಿನವಿದೆ ಎನ್ನುವಾಗ ಓಡಿ ಬಂದು, "ಅಕ್ಕ, ನೀವೇ ಮೊದಲು," ಎಂದ. ತಾನು ಬರೆದ ಕಾಣದ ಅಕ್ಷರಗಳಿಂದಲೇ ಇದಾಯಿತೆಂದು ಅವನ ನಂಬಿಕೆ. ಅವಳು ತಿದ್ದಲಿಲ್ಲ, ಬೀದಿಗೆಲ್ಲ ಕೇಳುವಂತೆ ನಕ್ಕಳು. ಅವತ್ತು ಪಾಯಸ ಮಾಡಿದಳು. ಬಸ್ಸಿನ ವಿಚಾರ ಮಾಡುತ್ತಿದ್ದ ಹೆಂಗಸರು ಪಾಯಸ ಕುಡಿದು ಮತ್ತೆ ಚಾಪೆಯ ಮೇಲೆ ಕೂತರು.

ಭಾನುವಾರ ಮಧ್ಯಾಹ್ನ ರುದ್ರೇಶ ಉಂಡು ಮಲಗಿದ್ದ. ಬಾಗಿಲಲ್ಲಿ ಸುಧಾಮಣಿ ನಿಂತಿದ್ದಳು, ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಮುಖ ಬಾಡಿತ್ತು. ಮನೆ ಬೇರೆಯಾದ ಮೇಲೆ ಅವಳು ಕರೆಯದೆ ಬಂದದ್ದು ಅದೇ ಮೊದಲು. ವಿಮಲಾಕ್ಷಿ ನೀರು ಕೊಟ್ಟಳು, ಕೂರು ಎಂದಳು, ಮಕ್ಕಳ ಪರೀಕ್ಷೆಯ ಬಗ್ಗೆ ಕೇಳಿದಳು. ಸುಧಾಮಣಿ ಎಲ್ಲಕ್ಕೂ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟು, ಗಂಟು ಬಿಚ್ಚಿ, ಸೀರೆ ತೆಗೆದು ಚಾಪೆಯ ಮೇಲೆ ಹರಡಿದಳು.

"ಸುಳಿವಿನ ಆಫೀಸಿಗೆ ಹೋಗಿದ್ದೆ ಅಕ್ಕ. ಯಾರೋ ಬಲ್ಲವರು ನೋಡ್ತಿದ್ರು, ಈಗ ನೋಡೋದು ಬಿಟ್ಟಿದ್ದಾರೆ ಅಂದ್ರು. ಹೆಸರು ಹೇಳ್ಲಿಲ್ಲ. ನಂಗೆ ಹೇಳೋದೇನೂ ಬೇಕಾಗಿರ್ಲಿಲ್ಲ." ಅವಳು ಸೆರಗನ್ನು ಮುಂದಕ್ಕೆ ಸರಿಸಿದಳು. "ಪಕ್ಕದಲ್ಲಿ ಕೂತು ಅಷ್ಟು ವರ್ಷ ಕಟ್ಟಿದೀನಿ, ಒಂದ್ ಸಲನಾದ್ರೂ ಚೆನ್ನಾಗಿದೆ ಅಂದಿದ್ರಾ ನೀವು? ಆಫೀಸಲ್ಲಿ ಗೊತ್ತಾಯ್ತು, ಎರಡು ವರ್ಷದಿಂದ ದಿನಾ ಕಣ್ಣಲ್ಲೇ ಅಂತಿದ್ರಿ ಅಂತ. ಈಗ ಯಾಕೆ ನಿಲ್ಲಿಸಿದ್ರಿ? ನನ್ನ ಕೈ ಕೆಟ್ಟಿದ್ಯಾ?"

ವಿಮಲಾಕ್ಷಿಯ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು. ಹೌದು ಕೆಟ್ಟಿದೆ ಎಂದುಬಿಟ್ಟರೆ ಸಾಕು. ಇವಳು ಆ ಮಾತನ್ನು ನಂಬುತ್ತಾಳೆ, ಮನೆಗೆ ಹೋಗಿ ಎಲ್ಲ ಬಿಚ್ಚುತ್ತಾಳೆ, ಮುಂದೆ ಎಂದೂ ತಲೆ ಎತ್ತುವುದಿಲ್ಲ. ಹಾಗೆ ಹೇಳಬೇಕೆಂದು ಅವಳಿಗೆ ನಿಜವಾಗಿ ಆಸೆಯಾಯಿತು. ಬಾಯಿ ತೆರೆಯುವ ಮೊದಲು ರೂಢಿಯಂತೆ ಸೆರಗನ್ನು ಎತ್ತಿ ಬೆಳಕಿಗೆ ಹಿಡಿದಳು.

ಅದರಲ್ಲಿ ಗಂಟೇ ಇರಲಿಲ್ಲ. ಎಳೆಗಳು ಅಂಚಿನಿಂದ ಇಳಿದು, ಒಂದಕ್ಕೊಂದು ಸೇರಿ, ಗೊಂಡೆಯಾಗಿ ನಿಂತಿದ್ದವು. ಎಲ್ಲಿ ಬಿಗಿದಿದ್ದಾಳೆ ಎಂಬುದು ಕಾಣಲಿಲ್ಲ. ತಿರುಗಿಸಿ ನೋಡಿದಳು. ಉಗುರಿನಿಂದ ಎಳೆ ಬಿಡಿಸಿ ನೋಡಿದಳು. ಜಗ್ಗಿದಳು, ಬಿಚ್ಚಲಿಲ್ಲ. ತನ್ನ ಜೀವಮಾನದಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಕಿವಿಯವರೆಗೆ ಬಿಸಿಯೇರಿತು, ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು. ಇದು ನನಗೆ ಹೊಳೆಯಬೇಕಿತ್ತು, ಇವಳಿಗೆ ಯಾಕೆ ಹೊಳೆಯಿತು ಎಂದು ಸಂಕಟವಾಯಿತು. ಅಂದುಕೊಂಡ ಸುಳ್ಳು ಬಾಯಿಗೆ ಬರಲೇ ಇಲ್ಲ.

"ಇದನ್ನ ಎಲ್ಲಿ ಕಟ್ಟಿದೀಯ?" ಎಂದಳು.

ಸುಧಾಮಣಿ ಅವಳ ಮುಖವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿತು. ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು ಸೀರೆ ಮಡಿಸತೊಡಗಿದಳು. ವಿಮಲಾಕ್ಷಿಗೆ ತಡೆಯಲಾಗಲಿಲ್ಲ. ನೀನು ಒಂದು ದಿನವಾದರೂ ನನ್ನದನ್ನು ನೋಡಿದ್ದೀಯಾ, ನನ್ನದು ನೋಡುವಂಥದ್ದಲ್ಲವಾ ಎಂದು ಕೇಳಿಯೇಬಿಟ್ಟಳು.

"ನೋಡಿದ್ರೆ ನನ್ನ ಕೈ ಮತ್ತೆ ನಿಮ್ಮ ಕೈ ಆಗ್ಬಿಡುತ್ತೆ ಅಕ್ಕ," ಎಂದಳು ಸುಧಾಮಣಿ. "ಅದಕ್ಕೇ ಅಲ್ವಾ ನಾನು ಕ್ಯಾತ್ಸಂದ್ರಕ್ಕೆ ಹೋಗಿದ್ದು. ಮನೆ ಸಾಲದೇ ಇದ್ದಿದ್ದಕ್ಕಾ?"

ವಿಮಲಾಕ್ಷಿ ಮರ್ಯಾದೆ ಬಿಟ್ಟು, ಚಿಕ್ಕವಳ ಮುಂದೆ ದನಿ ತಗ್ಗಿಸಿ, ಆ ಗಂಟು ಹೇಗೆ ಹಾಕುವುದು ಹೇಳಿಕೊಡು ಎಂದಳು.

ಸುಧಾಮಣಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿದಳು. ಬಂದಾಗಿನ ಬಾಡಿದ ಮುಖ ಈಗ ಇರಲಿಲ್ಲ. "ಹೇಳ್ಕೊಡಲ್ಲ ಅಕ್ಕ. ಹೇಳ್ಕೊಟ್ರೆ ನೀವು ನೋಡೋದು ಬಿಟ್ಬಿಡ್ತೀರಿ."

ಅವಳು ಬೀದಿಯ ತಿರುವು ದಾಟುವವರೆಗೆ ವಿಮಲಾಕ್ಷಿ ನಿಂತು ನೋಡಿದಳು. ಒಳಗೆ ಬಂದು ಸೂಜಿ ದಾರ ತೆಗೆದುಕೊಂಡು, ಕಂಡದ್ದನ್ನು ನೆನೆದು ಕಟ್ಟಲು ಕೂತಳು. ಗಂಟು ಕಂಡಿತು. ಬಿಚ್ಚಿ ಬೇರೆ ತರಹ ಕಟ್ಟಿದಳು. ಮತ್ತೆ ಕಂಡಿತು. ಸುಧಾಮಣಿಯ ಪುಟದಲ್ಲಿ ಈ ಸೀರೆಯ ಚಿತ್ರ ಇದ್ದೇ ಇರುತ್ತದೆ, ಹಿಗ್ಗಿಸಿದರೆ ತಿಳಿಯಬಹುದು. ನಾಳೆ ಬೆಳಿಗ್ಗೆ ಕಳೆದರೆ ಆಮೇಲೆ ಎಷ್ಟು ಬೇಕಾದರೂ ನೋಡಬಹುದು. ಒಂದು ರಾತ್ರಿ ತಡೆದುಕೊಂಡರೆ ವರ್ಷವಿಡೀ ದೊಡ್ಡಕ್ಕನಾಗಿರಬಹುದು. ಇದೆಲ್ಲ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈಗ ನೋಡಿದ ಒಂದು ನೋಟಕ್ಕೆ ಎಷ್ಟು ತೂಕ ಎಂಬುದೂ ಗೊತ್ತಿತ್ತು.

ಅವಳು ಎದ್ದು ಹೋಗಿ ಅಕ್ಕಿಯೊಳಗೆ ಮೊಣಕೈವರೆಗೆ ಕೈ ಹಾಕಿ ಕನ್ನಡಕ ತೆಗೆದಳು, ಸೆರಗಿನಿಂದ ಒರೆಸಿ ಹಾಕಿಕೊಂಡಳು. ಚಿತ್ರ ತೆರೆಯಿತು. ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು, ಮೊದಲ ಎಳೆಯಿಂದ ನೋಡುತ್ತ ಹೋದಳು. ರುದ್ರೇಶ ಎದ್ದು ಬಂದು, ಕಣ್ಣು ನೋವು ಹೋಯಿತಾ ಎಂದು ಕೇಳಿದ್ದು ಅವಳಿಗೆ ಕೇಳಿಸಲಿಲ್ಲ.

ಬೆಳಿಗ್ಗೆ ಜವಳಿ ಅಂಗಡಿಯ ಸೀರೆಗಳು ಕ್ಯಾತ್ಸಂದ್ರದ ಕಡೆ ಹೋದವು. ವಿಮಲಾಕ್ಷಿಗೆ ಆ ಗಂಟು ಇನ್ನೂ ಸಿಕ್ಕಿರಲಿಲ್ಲ.